ಸರ್ಫೇಸ್ ಕ್ಲೀನಪ್: ಹೊಲಿಯುವ ಮೊದಲು ಕಿತ್ತೆ

ತುಮಕೂರಿನ ಅಂತರಸನಹಳ್ಳಿ ಕಡೆಯ ಒಂದು ಫೌಂಡ್ರಿಯ ಎಸ್‌ಜಿ ಐರನ್ (ಒಂದು ಬಗೆಯ ಎರಕದ ಕಬ್ಬಿಣ) ಬ್ರಾಕೆಟ್. ಸ್ಟ್ರೆಸ್ ಲೆಕ್ಕಕ್ಕಾಗಿ ಅದರ ಕಂಪ್ಯೂಟರ್ ಮಾಡೆಲನ್ನು ಮೆಶ್ ಮಾಡುವ, ಅಂದರೆ ಸಣ್ಣ ಎಲಿಮೆಂಟ್‌ಗಳಾಗಿ ಒಡೆಯುವ ಕೆಲಸ. ಕೊಟ್ಟಿದ್ದು ಐಜಿಇಎಸ್ ಫೈಲು, ಅದರಲ್ಲಿ ಮೇಲ್ಮೈಗಳು (ಫೇಸ್) ಸಾಮಾನ್ಯವಾಗಿ ಬಿಡಿಬಿಡಿಯಾಗಿ ಬರುತ್ತವೆ. ಫೇಸ್‌ಗಳು ಜೋಡಿಸಿಕೊಂಡೇ ಬರುವ ಸ್ಟೆಪ್ ಫೈಲು ಕೇಳಿದರೆ "ಇರೋದು ಇದೇ ಸಾರ್" ಅಂದರು. ಮೆಶ್ ಮಾಡುವ ಸಾಫ್ಟ್‌ವೇರ್ ಹೈಪರ್‌ಮೆಶ್‌ನಲ್ಲಿ ತೆರೆದರೆ 400ರ ಹತ್ತಿರ ಕೆಂಪು ಅಂಚು, ಅಂದರೆ ಪಕ್ಕದ ಫೇಸ್‌ಗೆ ಸೇರದೆ ಬಿಟ್ಟುಕೊಂಡವು.

ಟಾಲರೆನ್ಸ್ (ಎಷ್ಟು ಅಂತರದವರೆಗಿನ ಅಂಚುಗಳನ್ನು ಒಂದೆಂದು ಹಿಡಿಯಬೇಕು ಎನ್ನುವ ಮಿತಿ) ಏರಿಸಿ ಒಂದೇ ಏಟಿಗೆ ಹೊಲಿದುಬಿಡಿ ಅಂತ ಎಲ್ಲರ ಸಲಹೆ. ಮೊದಲು ನಾನೂ ಅದನ್ನೇ ಮಾಡಿದ್ದು. 0.01 ಮಿ.ಮೀ.ಗೆ 150 ಕೆಂಪು ಉಳಿಯಿತು, 0.1ಕ್ಕೆ 60, 0.5ಕ್ಕೆ ಸೊನ್ನೆ. ಆದರೆ ಪಾರ್ಟಿಂಗ್ ಲೈನಿನಲ್ಲಿ (ಅಚ್ಚಿನ ಎರಡು ಭಾಗ ಸೇರುವ ಗೆರೆ) ಸುಮಾರು 0.4 ಮಿ.ಮೀ. ಮೆಟ್ಟಿಲಿತ್ತು. ಅದರ ಎರಡೂ ಅಂಚು ಅಂಟಿಕೊಂಡು ಪಕ್ಕದ ಫೇಸ್‌ಗಳು ತಿರುಚಿಕೊಂಡವು. ಟೆಟ್ರಾ ಮೆಶ್ (ನಾಲ್ಕು ಮುಖದ ಎಲಿಮೆಂಟ್‌ಗಳದ್ದು) ಬಂತು. ಸೆಕೆಂಡ್ ಆರ್ಡರ್‌ಗೆ (ಅಂಚಿನ ನಡುವೆಯೂ ಒಂದು ನೋಡ್ ಇರುವ ಬಗೆ) ತಿರುಗಿಸಿದಾಗ ನಡುವಿನ ನೋಡ್‌ಗಳು ಮಡಚಿ, ನೆಗೆಟಿವ್ ಜಾಕೋಬಿಯನ್, ಅಂದರೆ ಎಲಿಮೆಂಟ್ ಒಳಹೊರಗಾಗಿದೆ, ಅಂತ ಲೆಕ್ಕ ಮಾಡುವ ಸಾಲ್ವರ್ ನಿಂತಿತು. ಒಪ್ಪಿದ್ದು 18 ಸಾವಿರಕ್ಕೆ, ನಾಲ್ಕು ದಿನ ನೀರುಪಾಲು.

ಆಮೇಲೆ ಟಾಲರೆನ್ಸ್ 0.01 ದಾಟಲೇ ಇಲ್ಲ. ಉಳಿದ ಕೆಂಪನ್ನು ಝೂಮ್ ಮಾಡಿ ನೋಡಿದರೆ ಬಹುಪಾಲು ಒಂದೇ ಕಡೆ: ಫಿಲೆಟ್ (ಮೂಲೆಗೆ ಕೊಟ್ಟ ದುಂಡು) ಸಣ್ಣದಾಗುತ್ತಾ ಮುಗಿಯುವಲ್ಲಿ, 0.2–0.3 ಮಿ.ಮೀ. ಅಗಲದ ಸೀಳು ಫೇಸ್‌ಗಳು. ಸೀಳನ್ನೂ ಅದಕ್ಕೆ ತಗುಲಿದ ಫಿಲೆಟ್ಟನ್ನೂ ಕಿತ್ತು, ಎರಡು ದೊಡ್ಡ ಫೇಸ್ ಬೆಳೆಸಿ, ಒಂದಕ್ಕೊಂದು ಟ್ರಿಮ್ ಮಾಡಿ, ಫಿಲೆಟ್ ಹೊಸದಾಗಿ ಹಾಕಿದೆ. ಬೆಳೆಸಲು ಆಗದ ಕಡೆ ನಾಲ್ಕು ಅಂಚಿನಿಂದ ಪ್ಯಾಚ್. ಐದಾರು ಅಂಚಿದ್ದರೆ ಗೆರೆ ಎಳೆದು ಎರಡು ಭಾಗ ಮಾಡಿಕೊಳ್ಳಿ, ಒಂದೇ ಪ್ಯಾಚ್ ಅಲೆಅಲೆಯಾಗುತ್ತದೆ. ಹಳದಿ ಅಂಚು (ಮೂರು ಅಥವಾ ಹೆಚ್ಚು ಫೇಸ್ ಸೇರುವ ಕಡೆ) ಕಂಡರೆ ಸಾಮಾನ್ಯವಾಗಿ ಒಳಗೆ ಒಂದು ಹೆಚ್ಚುವರಿ ಫೇಸ್ ಅಡಗಿರುತ್ತದೆ, ತೆಗೆಯಿರಿ. "ಇಷ್ಟೆಲ್ಲ ಯಾರು ಮಾಡ್ತಾರೆ" ಅಂದವರಿಗೆ: 35 ಜಾಗ, ಒಂದೂವರೆ ದಿನ, ಮೆಶ್ ಮೊದಲ ಸಲಕ್ಕೇ ಓಡಿತು. ಸೀಳು ಫೇಸ್‌ಗಳನ್ನು ಒಟ್ಟಿಗೆ ಹುಡುಕಿಕೊಡುವ ಸಣ್ಣ ಸ್ಕ್ರಿಪ್ಟ್ ಇದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎಲಿಮೆಂಟ್ ಸೈಜು 4 ಮಿ.ಮೀ. ಉಬ್ಬು ಅಕ್ಷರದ ಪಾರ್ಟ್ ನಂಬರ್ ಮೊದಲು ಹೋಯಿತು, ಅಲ್ಲೇ ನೂರಕ್ಕೂ ಹೆಚ್ಚು ಫೇಸ್ ಕಮ್ಮಿ. ಲೋಡ್ ದಾರಿಯಿಂದ ದೂರದ, 6 ಮಿ.ಮೀ.ಗಿಂತ ಚಿಕ್ಕ ತೂತುಗಳನ್ನು ಮುಚ್ಚಿದೆ. 1 ಮಿ.ಮೀ.ಗಿಂತ ಚಿಕ್ಕ ಅಂಚುಗಳನ್ನು ಟಾಗಲ್ ಮಾಡಿ ನೀಲಿ ಮಾಡಿದೆ, ಅಂದರೆ ಮೆಶ್ ಅವನ್ನು ಲೆಕ್ಕಿಸುವುದಿಲ್ಲ. ಕೈ ತಡೆಯದೆ ರಿಬ್ ಬುಡದ 3 ಮಿ.ಮೀ. ಫಿಲೆಟ್ಟನ್ನೂ ತೆಗೆದಿದ್ದು ಮಾತ್ರ ಶುದ್ಧ ತಪ್ಪು. ಚೂಪು ಮೂಲೆಯಲ್ಲಿ 4 ಮಿ.ಮೀ. ಮೆಶ್‌ಗೆ ಸ್ಟ್ರೆಸ್ 190 ಎಂಪಿಎ, 2ಕ್ಕೆ 260, 1ಕ್ಕೆ 350. ಇನ್ನೂ ಸಣ್ಣ ಮಾಡಿದ್ದರೆ ಇನ್ನೂ ಏರುತ್ತಿತ್ತು. ಫಿಲೆಟ್ ವಾಪಸ್ ಹಾಕಿ, ಅದರ ಕಾಲು ವೃತ್ತಕ್ಕೆ ನಾಲ್ಕು ಎಲಿಮೆಂಟ್ ಕೊಟ್ಟ ಮೇಲೆ 215ರ ಆಸುಪಾಸಿಗೆ ನಿಂತಿತು.

ಕೊನೆಗೆ ತಕ್ಕಡಿ ಪರೀಕ್ಷೆ, ಇದನ್ನು ಬಿಡಬೇಡಿ. ಮಾಡೆಲ್ ವಾಲ್ಯೂಮಿಗೆ 7.1 ಗ್ರಾಂ/ಘನ ಸೆಂ.ಮೀ. ಸಾಂದ್ರತೆ ಹಾಕಿದರೆ 2.28 ಕೆ.ಜಿ., ಪೀಸ್ ತೂಗಿದರೆ 2.3.

ದುಡ್ಡಿಲ್ಲದ ದಾರಿಯನ್ನೂ ನೋಡಿದೆ. ಉಚಿತ ಮೆಶ್ ಸಾಫ್ಟ್‌ವೇರ್ ಜಿಮೆಶ್‌ನಲ್ಲಿ ಕಾಂಪೌಂಡ್ ಸರ್ಫೇಸ್ ಕೊಟ್ಟರೆ ಹಲವು ಫೇಸ್‌ಗಳನ್ನು ಒಂದೇ ಎಂದು ಹಿಡಿದು ಮೆಶ್ ಮಾಡುತ್ತದೆ, ಸೀಳು ಕೀಳುವ ಕೆಲಸವೇ ಬೇಡ. ಚಪ್ಪಟೆ ಜಾಗದಲ್ಲಿ ಚೆನ್ನ. ಜೋರಾಗಿ ಬಾಗಿದ ಕಡೆ ನನಗೆ ಎರಡು ಸಲ ಕೈಕೊಟ್ಟಿತು. ಉಚಿತ ಕ್ಯಾಡ್ ಸಾಫ್ಟ್‌ವೇರ್ ಫ್ರೀಕ್ಯಾಡ್‌ನ ಡಿಫೀಚರಿಂಗ್ (ಬೇಡದ ಭಾಗ ತೆಗೆಯುವ ಟೂಲ್) ತೂತು ಮುಚ್ಚಲು ಸಾಕು.

ಈಗ ಕೊಟೇಷನ್‌ನಲ್ಲೇ ಬರೆಯುತ್ತೇನೆ: ಐಜಿಇಎಸ್ ಆದರೆ 3 ಸಾವಿರ ಜಾಸ್ತಿ. ಮುಂದಿನ ಬ್ರಾಕೆಟ್ಟಿಗೆ ಅದೇ ಫೌಂಡ್ರಿಯಲ್ಲಿ ಸ್ಟೆಪ್ ಫೈಲು ಸಿಕ್ಕಿತು.