ಅಗ್ಗದ ಚಾಕು ಕಾಡಿಗೆ ಸಾಕೇ?

ಹಗ್ಗ ಕೊಯ್ಯಲು, ಕಡ್ಡಿ ಕೆತ್ತಲು, ತರಕಾರಿ ಹೆಚ್ಚಲು ಧಾರಾಳವಾಗಿ ಸಾಕು. ಸ್ವೀಡನ್ನಿನ ಅಗ್ಗದ ಮೋರಾ ಚಾಕುಗಳೇ ಸಾಕ್ಷಿ. ದುಬಾರಿ ಚಾಕುವಿನಲ್ಲಿ ಹಣ ಹೋಗುವುದು ಬೇಗ ಸವೆಯದ ಉಕ್ಕಿಗೆ, ಹಿಡಿಯ ಅಂದಕ್ಕೆ. ಅಂಥ ಉಕ್ಕಿನ ಹರಿತ ಹೆಚ್ಚು ಬಾಳುತ್ತದೆ ನಿಜ. ಮೊಂಡಾದರೆ ಮಾತ್ರ ಮಾಮೂಲಿ ಸಾಣೆಕಲ್ಲಿಗೆ ಸುಲಭಕ್ಕೆ ಬಗ್ಗುವುದಿಲ್ಲ.

ಕೊಳ್ಳುವಾಗ ಅಲಗು ಸುಮಾರು 10 ಸೆಂ.ಮೀ. ಉದ್ದ, 2.5ರಿಂದ 3 ಮಿ.ಮೀ. ದಪ್ಪ ಇರಲಿ. ಯಾವ ಉಕ್ಕೆಂದು ಹೇಳದೆ ಬರೀ ‘ಸ್ಟೇನ್‌ಲೆಸ್’ ಎಂದಿದ್ದರೆ ಬಿಟ್ಟುಬಿಡಿ. ಒರೆಯನ್ನು ತಲೆಕೆಳಗಾಗಿ ಹಿಡಿದಾಗ ಚಾಕು ಜಾರಬಾರದು.

ಅಗ್ಗದ್ದು ಕೈಕೊಡುವುದು ಸೌದೆ ಸೀಳುವಾಗ. ಅಲಗಿನ ಬಾಲ (ಹಿಡಿಯೊಳಗೆ ಸೇರುವ ಭಾಗ) ಸಾಮಾನ್ಯವಾಗಿ ಅರ್ಧಕ್ಕೇ ನಿಂತಿರುತ್ತದೆ. ಬೆನ್ನಿಗೆ ಕೊರಡಿನಿಂದ ಬಡಿದು, ಗಂಟಿನಲ್ಲಿ ಸಿಕ್ಕಿಕೊಂಡಾಗ ತಿರುಚಿದರೆ ಹಿಡಿಯ ಬುಡದಲ್ಲೇ ಮುರಿಯಬಹುದು. ಹೆಬ್ಬೆರಳಿಗಿಂತ ದಪ್ಪದ ಸೌದೆಗೆ ಕೊಡಲಿಯೇ ಸರಿ. ಚಾಕುವಿನಲ್ಲೇ ಸೀಳಬೇಕೆಂದರೆ ಬಾಲ ಹಿಡಿಯ ತುದಿವರೆಗೂ ಇರುವ ಚಾಕುವಿಗೆ ಹಣ ಹಾಕಿ.

ಸಾಣೆಗೆ 1000 ಗ್ರಿಟ್ (ಕಲ್ಲಿನ ನುಣುಪಿನ ಅಳತೆ) ಕಲ್ಲು ಸಾಕು. ನೀರು ಹಾಕಿ, 20 ಡಿಗ್ರಿ ಓರೆಯಲ್ಲಿ ಉಜ್ಜಿ. (ಮೋರಾದಂತೆ ಅಲಗಿನ ಅಂಚಿಗೆ ಅಗಲವಾದ ಓರೆಮುಖವಿದ್ದರೆ ಅದನ್ನೇ ಮಟ್ಟಸವಾಗಿ ಕಲ್ಲಿಗೆ ಒತ್ತಿದರಾಯಿತು.) ಆಚೆ ಬದಿಯಲ್ಲಿ ಉಜ್ಜಿದಾಗ ಮಡಚಿಕೊಂಡ ಲೋಹದ ಸಣ್ಣ ಒರಟು ಅಂಚು ಉಗುರಿಗೆ ತಾಕಿದ ಮೇಲಷ್ಟೇ ಮಗ್ಗುಲು ಬದಲಿಸಿ, ಅದಕ್ಕೆ ಮುಂಚೆ ಬದಲಿಸಿದರೆ ಹರಿತ ಬರುವುದಿಲ್ಲ. ತುಕ್ಕು ಹಿಡಿಯುವ ಕಾರ್ಬನ್ ಉಕ್ಕಾದರೆ ಒರೆಸಿ, ಎಣ್ಣೆ ಸವರಿಡಿ.