ಪಿಕಪ್‌ ಚಕ್ರಕ್ಕೆ ಲಾಕ್ ನಟ್: ಕೊಳ್ಳುವ ಮೊದಲು ನೋಡಬೇಕಾದ್ದು

ಟೊಯೋಟಾ ಹೈಲಕ್ಸ್‌ನ ಅಲಾಯ್ ಚಕ್ರ ಬಿಚ್ಚಲು ಕಳ್ಳನಿಗೆ ಒಂದು ಜಾಕ್, ಒಂದು 21 ಎಂಎಂ ಸ್ಪ್ಯಾನರ್ ಸಾಕು. ಚಕ್ರಕ್ಕೊಂದು ಲಾಕ್ ನಟ್ (ತನ್ನದೇ ಕೀಗೆ ಮಾತ್ರ ತಿರುಗುವ ನಟ್) ಇದ್ದರೆ ಆ ಸ್ಪ್ಯಾನರ್ ಉಪಯೋಗಕ್ಕೆ ಬರುವುದಿಲ್ಲ. ಆದರೆ ಅಳತೆ ತಪ್ಪಿದ ಲಾಕ್ ನಟ್ ಕಳ್ಳನಿಗಿಂತ ಅಪಾಯಕಾರಿ. ಕಳ್ಳ ಬಂದರೆ ಚಕ್ರ ಹೋಗುತ್ತದೆ, ಸಡಿಲವಾದ ನಟ್‌ನಿಂದ ಓಡುವ ಗಾಡಿಯ ಚಕ್ರವೇ ಕಳಚಬಹುದು. ಹಾಗಾಗಿ ಲಾಕ್ ಎಷ್ಟು ಗಟ್ಟಿ ಎಂದು ಕೇಳುವ ಮೊದಲು ಥ್ರೆಡ್, ಸೀಟ್, ಉದ್ದ ಈ ಮೂರನ್ನು ನೋಡಿ.

ಥ್ರೆಡ್ ಸುಲಭ. ಬಿಡದಿಯಲ್ಲಿ ತಯಾರಾಗುವ ಹೈಲಕ್ಸ್‌ಗೂ ಇಸುಜು ವಿ-ಕ್ರಾಸ್‌ಗೂ ಚಕ್ರಕ್ಕೆ ಆರು ಸ್ಟಡ್ (ನಟ್ ಕೂರುವ ಬೋಲ್ಟ್), ಅಳತೆ 12×1.5. ಅಂದರೆ ಸ್ಟಡ್ 12 ಎಂಎಂ ದಪ್ಪ, ನಟ್ ಒಂದು ಸುತ್ತಿಗೆ 1.5 ಎಂಎಂ ಒಳಗೆ ಹೋಗುತ್ತದೆ. ಅಂಗಡಿಯಲ್ಲಿ 12×1.25 ನಟ್ ಕೂಡ ಅದರ ಪಕ್ಕದಲ್ಲೇ ಇರುತ್ತದೆ, ನೋಡಲು ಎರಡೂ ಒಂದೇ. ಅದನ್ನು ಹಾಕಿದರೆ ಮೊದಲ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ, ಅಲ್ಲಿಂದ ಮುಂದೆ ಒತ್ತಿದರೆ ಸ್ಟಡ್‌ನ ಥ್ರೆಡ್ ಕಿತ್ತುಬರುತ್ತದೆ. ಅಮೆರಿಕದಲ್ಲಿ ಗಾಡಿ ಇಟ್ಟುಕೊಂಡವರಿಗೆ: 2015ರಿಂದೀಚೆಗಿನ ಫೋರ್ಡ್ ಎಫ್-150ಕ್ಕೆ 14×1.5 ಬೇಕು, ಅದರ ಹಿಂದಿನ ಪೀಳಿಗೆಗೆ 14×2.0. ಹಳೆಯ ಗಾಡಿಯ ನಟ್ ಹೊಸದಕ್ಕೆ ಹೊಂದುವುದಿಲ್ಲ.

ಹೆಚ್ಚಿನವರು ಎಡವುವುದು ಸೀಟ್ ವಿಷಯದಲ್ಲಿ. ನಟ್ ಚಕ್ರದ ಮೇಲೆ ಕೂರುವ ಜಾಗದ ಆಕಾರವೇ ಸೀಟ್. ಹೊರಗಿನಿಂದ ತಂದು ಹಾಕಿಸುವ ಅಲಾಯ್‌ಗಳಿಗೆ ಸಾಮಾನ್ಯವಾಗಿ 60 ಡಿಗ್ರಿ ಕೋನಾಕಾರದ ಸೀಟ್ ಇರುತ್ತದೆ. ಟೊಯೋಟಾದ ಅನೇಕ ಕಂಪನಿ ಅಲಾಯ್‌ಗಳಿಗೆ ಮಾತ್ರ ಚಪ್ಪಟೆ ಸೀಟ್. ಅದರ ನಟ್‌ಗೆ ವಾಷರ್ ಅಂಟಿಕೊಂಡಿದ್ದು, ವಾಷರಿನ ಕೆಳಗೆ ಒಂದು ಕೊಳವೆ ಚಕ್ರದ ತೂತಿನೊಳಕ್ಕೆ ಇಳಿಯುತ್ತದೆ. ಚಪ್ಪಟೆ ಸೀಟಿಗೆ ಕೋನದ ನಟ್ ಹಾಕಿದರೆ ತೂತಿನ ಅಂಚಿನ ಒಂದು ತೆಳು ಗೆರೆಯಷ್ಟೇ ಭಾರ ಹೊರುತ್ತದೆ. ಅಲ್ಯೂಮಿನಿಯಂ ತಗ್ಗಾಗಿ, ಬಿಗಿತ ಇಳಿದು, ತೂತು ಅಂಡಾಕಾರವಾಗುತ್ತದೆ. ಆ ಚಕ್ರ ಮತ್ತೆ ಬಳಸಲು ಯೋಗ್ಯವಲ್ಲ. ಒಂದು ನಟ್ ಬಿಚ್ಚಿ, ಅದನ್ನೂ ಚಕ್ರದ ತೂತನ್ನೂ ಕಣ್ಣಾರೆ ನೋಡಿ. ಆ ನಟ್ ಅನ್ನೇ ಅಂಗಡಿಗೆ ಒಯ್ದು ಹೊಸದರ ಪಕ್ಕದಲ್ಲಿಟ್ಟು ಹೋಲಿಸುವುದು ಇನ್ನೂ ಒಳ್ಳೆಯದು.

ಸ್ಟೆಪ್ನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದು ಸ್ಟೀಲ್ ರಿಮ್ ಆಗಿದ್ದರೆ ಸೀಟ್ ಕೋನಾಕಾರದ್ದೇ, ಅಲಾಯ್‌ಗೆಂದು ತಂದ ಚಪ್ಪಟೆ ಲಾಕ್ ನಟ್ ಅಲ್ಲಿ ಸರಿಯಾಗಿ ಕೂರದು. ಸ್ಟೀಲ್ ರಿಮ್‌ಗೆ ಹೊಂದುವ ಆರು ನಟ್‌ಗಳನ್ನು ಗಾಡಿಯಲ್ಲಿ ಜಾಕ್ ಜೊತೆ ಕಟ್ಟಿಡಿ.

ಇನ್ನು ಉದ್ದ. 12×1.5 ನಟ್ ಕೈಯಲ್ಲಿ ತಿರುಗಿಸಿದಾಗ ಚಕ್ರಕ್ಕೆ ತಾಗುವ ಮೊದಲು ಕನಿಷ್ಠ ಆರೂವರೆ ಸುತ್ತು ಹೋಗಬೇಕು, 14×1.5 ಆದರೆ ಏಳೂವರೆ. ತಲೆ ಮುಚ್ಚಿದ ನಟ್‌ನಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು: ಸ್ಟಡ್ ಉದ್ದವಾಗಿದ್ದರೆ ಅದರ ತುದಿ ನಟ್‌ನ ತಳಕ್ಕೆ ಮೊದಲೇ ತಾಗುತ್ತದೆ. ನಿಗದಿತ ಬಿಗಿತ (ಟಾರ್ಕ್) ತಲುಪಿತೆಂದು ಟಾರ್ಕ್ ರೆಂಚ್ ‘ಟಕ್’ ಎನ್ನುತ್ತದೆ, ಚಕ್ರ ಮಾತ್ರ ಸಡಿಲವಾಗಿಯೇ ಇರುತ್ತದೆ. ಸೀಟಿನಿಂದ ಹೊರಗೆ ಸ್ಟಡ್ ಎಷ್ಟು ಚಾಚಿದೆ ಎಂದು ಅಳೆಯಿರಿ. ನಟ್‌ನ ಒಳಗಿನ ಆಳ ಅದಕ್ಕಿಂತ ಹೆಚ್ಚಿರಬೇಕು. ಲಾಕ್ ನಟ್‌ನ ಕೀ ಚಕ್ರದ ತೂತಿನ ಗೋಡೆಗೆ ಉಜ್ಜದೆ ಒಳಗೆ ಇಳಿಯುತ್ತದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಇವು ಹೊಂದಿದ ಮೇಲೆ ಲಾಕ್‌ನ ಬಗೆ. ಸುತ್ತಲೂ ಹಲ್ಲುಗಳಿರುವ ಸ್ಪ್ಲೈನ್ ನಟ್‌ನ ಕೀ ಯಾವ ಅಂಗಡಿಯಲ್ಲೂ ಸಿಗುತ್ತದೆ. ಕಿರಿದಾದ ತೂತಿಗೆ ಅದು ಸರಿ, ಕಾವಲಿಗೆ ಸಾಲದು. ತಲೆಯ ಮೇಲೆ ವಕ್ರ ಗೀರಿನ ನಮೂನೆ ಕೊರೆದದ್ದನ್ನು ಆರಿಸಿ. ಅದರ ಹೊರಗೆ ಸಲೀಸಾಗಿ ತಿರುಗುವ ಬಳೆ ಇದ್ದರೆ ಇನ್ನೂ ಮೇಲು: ಸಣ್ಣ ಸಾಕೆಟ್ ಬಡಿದು ಕೂರಿಸಿ ತಿರುಗಿಸಿದರೆ ಬಳೆಯೊಂದೇ ತಿರುಗುತ್ತದೆ. ನಾಲ್ಕರ ಸೆಟ್ ಸಾಕು, ಎಲ್ಲ 24 ನಟ್ ಬದಲಿಸಬೇಕಿಲ್ಲ. ಪಿಕಪ್‌ನಲ್ಲಿ ಸ್ಟೆಪ್ನಿ ಗಾಡಿಯಡಿ ತೂಗುತ್ತಿರುವುದರಿಂದ ಅದಕ್ಕೆ ಬೇರೆಯೇ ಬೀಗ ಬೇಕು.

ಲಾಕ್ ನಟ್ ಅನ್ನು ಗಾಳಿ ತುಂಬುವ ವಾಲ್ವ್‌ಗೆ ಹತ್ತಿರದ ಸ್ಟಡ್‌ಗೆ ಹಾಕಿದರೆ ಕತ್ತಲಲ್ಲೂ ಬೇಗ ಸಿಗುತ್ತದೆ. ಸ್ಟಡ್‌ಗೆ ಎಣ್ಣೆ, ಗ್ರೀಸ್ ಬೇಡ; ಅದೇ ಟಾರ್ಕ್‌ಗೆ ಸ್ಟಡ್ ಅಗತ್ಯಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ. ಕೈಯಲ್ಲೇ ಶುರುಮಾಡಿ, ಎದುರುಬದುರಾಗಿ ಬಿಗಿಮಾಡಿ, ಕೊನೆಗೆ ಟಾರ್ಕ್ ರೆಂಚ್ ಹಿಡಿದು ಗಾಡಿಯ ಕೈಪಿಡಿಯಲ್ಲಿರುವ ಅಂಕಿಗೆ ನಿಲ್ಲಿಸಿ. ಹೊಸ ಎಫ್-150ಕ್ಕೆ ಅದು 204 ನ್ಯೂಟನ್ ಮೀಟರ್. 50–100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಪಂಕ್ಚರ್ ಅಂಗಡಿಯಲ್ಲಿ ಲಾಕ್ ನಟ್ ಮೇಲೆ ಏರ್ ಗನ್ ಇಡಲು ಬಿಡಬೇಡಿ. ಕೀಯ ತೆಳು ಅಂಚು ಮುರಿಯುವುದು ಬಹುತೇಕ ಅಲ್ಲೇ. ಕೆಲಸ ಮುಗಿದೊಡನೆ ಕೀ ವಾಪಸ್ ಬಂತೇ ನೋಡಿ, ಅಂಗಡಿಯವರ ಸಾಕೆಟ್‌ನೊಳಗೇ ಸಿಕ್ಕಿಕೊಂಡು ಉಳಿದುಬಿಡುವುದುಂಟು. ಸೆಟ್ ಜೊತೆ ಬರುವ ಕೋಡ್ ಚೀಟಿಯ ಫೋಟೋ ಫೋನಿನಲ್ಲಿರಲಿ, ಚೀಟಿ ಮನೆಯಲ್ಲಿರಲಿ. ಕೀ ಕಳೆದರೆ ಆ ಕೋಡ್ ಕೊಟ್ಟೇ ಹೊಸದನ್ನು ತರಿಸಬೇಕು.