ಜಾಲತಾಣಕ್ಕೆ ನಿಜವಾದ ಓದುಗರನ್ನು ಕರೆತರುವ ಲಿಂಕ್ ಪಡೆಯುವುದು ಹೇಗೆ?

ಹೊಸದಾಗಿ ಜಾಲತಾಣ ಮಾಡಿಸಿಕೊಂಡ ಸಣ್ಣ ವ್ಯಾಪಾರಿಗಳಿಗೆ ‘ಇಷ್ಟು ಹಣ ಕೊಡಿ, ನಿಮ್ಮ ತಾಣಕ್ಕೆ ಸಾವಿರ ಲಿಂಕ್ ಕೊಡಿಸುತ್ತೇವೆ’ ಎಂಬ ಇಮೇಲ್‌ಗಳು ಬರುವುದು ಸಾಮಾನ್ಯ. ಅದಕ್ಕೆ ಹಣ ಕೊಡಬೇಡಿ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ವಿವರಿಸಿದ ಪೇಜ್‌ರ‍್ಯಾಂಕ್ ವಿಧಾನವು ಒಂದು ಪುಟ ಇನ್ನೊಂದಕ್ಕೆ ಕೊಡುವ ಲಿಂಕನ್ನು ಶಿಫಾರಸಿನಂತೆ ಎಣಿಸಿತು. ಶಿಫಾರಸಿಗೆ ಬೆಲೆ ಬಂದೊಡನೆ ಅದರ ಮಾರಾಟವೂ ಶುರುವಾಯಿತು. ಅದನ್ನು ತಡೆಯಲು ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದಾಗ ಅನೇಕ ತಾಣಗಳು ಹುಡುಕಾಟದ ಫಲಿತಾಂಶಗಳಲ್ಲಿ ಕೆಳಗಿಳಿದವು. ಆದ್ದರಿಂದ ಪ್ರತಿ ಲಿಂಕ್‌ಗೂ ಒಂದೇ ಪರೀಕ್ಷೆ ಸಾಕು: ಗೂಗಲ್ ಎಂಬುದೇ ಇಲ್ಲದಿದ್ದರೂ ಈ ಲಿಂಕ್ ಒತ್ತಿ ನಮ್ಮಲ್ಲಿಗೆ ಯಾರಾದರೂ ಬರುತ್ತಿದ್ದರೇ?

ವಿಷಯ ಸ್ಪಷ್ಟವಾಗಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನೇಕಾರ ಕುಟುಂಬವೊಂದು ಕೈಮಗ್ಗದ ಸೀರೆಗಳನ್ನು ತನ್ನದೇ ಜಾಲತಾಣದ ಮೂಲಕ ಮಾರಲು ಹೊರಟಿದೆ ಎಂದುಕೊಳ್ಳಿ.

ಮೊದಲು ಲಿಂಕ್‌ಗೆ ಯೋಗ್ಯವಾದ ಪುಟ

ಬೆಲೆಪಟ್ಟಿಗೆ ಯಾರೂ ತಾವಾಗಿ ಲಿಂಕ್ ಕೊಡುವುದಿಲ್ಲ. ತಮ್ಮ ಓದುಗರಿಗೆ ಉಪಯೋಗವಾಗುವ ಮಾಹಿತಿಗೆ ಕೊಡುತ್ತಾರೆ. ಈ ಕೆಲಸದ ಮುಕ್ಕಾಲು ಪಾಲು ಶ್ರಮ ಇಲ್ಲಿಯೇ ಇದೆ, ಆದರೆ ಹೆಚ್ಚಿನವರು ಇದನ್ನೇ ಬಿಟ್ಟು ಮುಂದೆ ಹೋಗುತ್ತಾರೆ. ನಮ್ಮ ನೇಕಾರರು ‘ಕೈಮಗ್ಗದ ಇಳಕಲ್ ಸೀರೆಯನ್ನು ಗುರುತಿಸುವುದು ಹೇಗೆ’ ಎಂಬ ಒಂದೇ ಒಂದು ಪುಟವನ್ನು ಚೆನ್ನಾಗಿ ಬರೆಯಬಹುದು. ಸೆರಗಿನ ಹಾಸನ್ನು (ಉದ್ದಕ್ಕೆ ಹಾಯುವ ಎಳೆಗಳನ್ನು) ಒಡಲಿನ ಹಾಸಿಗೆ ಎಳೆಎಳೆಯಾಗಿ ಕುಣಿಕೆ ಹಾಕಿ ಕೂಡಿಸುವ ತೋಪತೆನಿ ವಿಧಾನವೇ ಈ ಸೀರೆಯ ಹೆಗ್ಗುರುತು. ಆ ಕೂಡಿಕೆಯ ಜಾಗವನ್ನು ಹಗಲು ಬೆಳಕಿನಲ್ಲಿ, ಕುಣಿಕೆಗಳು ಕಾಣುವಷ್ಟು ಹತ್ತಿರದಿಂದ, ಸೀರೆಯ ಮೇಲ್ಮೈಯನ್ನೂ ಒಳಮೈಯನ್ನೂ ತೋರಿಸುವಂತೆ ಚಿತ್ರ ತೆಗೆದು, ಪ್ರತಿ ಚಿತ್ರದ ಕೆಳಗೆ ಕೊಳ್ಳುವವರು ಏನನ್ನು ನೋಡಬೇಕೆಂದು ಎರಡು ಸಾಲು ಬರೆಯಬೇಕು. ಚಿಕ್ಕಿ ಪರಾಸ್ ಅಂಚಿನ ಚಿತ್ರ ಮತ್ತು ಕುಣಿ ಮಗ್ಗದಲ್ಲಿ ಕೂತು ನೇಯುವ ಪುಟ್ಟ ವಿಡಿಯೊ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಮಗ್ಗದ ಮನೆಯವರಲ್ಲದೆ ಬೇರೆ ಯಾರಿಂದಲೂ ಇಂಥ ಪುಟವನ್ನು ಇಷ್ಟು ನಂಬಿಕೆಯಿಂದ ಬರೆಯಲಾಗದು; ಅದೇ ಅದರ ಬಲ.

ಪುಟದ ವಿಳಾಸ ಚಿಕ್ಕದಾಗಿರಲಿ. ಪಠ್ಯ ಕನ್ನಡದಲ್ಲಿದ್ದರೂ ವಿಳಾಸವನ್ನು ರೋಮನ್ ಅಕ್ಷರಗಳಲ್ಲಿ ಇಡುವುದು ಸದ್ಯಕ್ಕೆ ಅನುಕೂಲಕರ, ಏಕೆಂದರೆ ಕನ್ನಡದ ವಿಳಾಸವನ್ನು ನಕಲಿಸಿ ಅಂಟಿಸಿದಾಗ ಒಂದೊಂದು ಅಕ್ಷರ ಅಥವಾ ಗುಣಿತ ಚಿಹ್ನೆಯೂ ಶೇಕಡಾ ಚಿಹ್ನೆ ಸೇರಿದ ಒಂಬತ್ತು ಚಿಹ್ನೆಗಳ ಸಾಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಅಂಥ ಉದ್ದನೆಯ ಸಾಲನ್ನು ಕಂಡವರು ಅದನ್ನು ಒತ್ತಲು ಹಿಂಜರಿಯುತ್ತಾರೆ. ಕನ್ನಡಿಗರಿಗೆ ಇದು ನ್ಯಾಯವಲ್ಲ, ಆದರೂ ಈಗಿನ ಸ್ಥಿತಿ ಇದು.

ಓದುಗರು ಈಗಾಗಲೇ ಇರುವ ಕಡೆ ಹುಡುಕಿ

ಮುಂದಿನ ಕೆಲಸ, ಈ ಮಾಹಿತಿ ಬೇಕಾದವರು ಈಗ ಏನನ್ನು ಓದುತ್ತಿದ್ದಾರೆ ಎಂದು ಪತ್ತೆ ಮಾಡುವುದು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳೂ ಇದೇ ಜಿಲ್ಲೆಯಲ್ಲಿವೆ. ಅಲ್ಲಿಗೆ ಬರುವ ಪ್ರವಾಸಿಗರು ಮಗ್ಗವನ್ನೂ ನೋಡಲು ಇಷ್ಟಪಡಬಹುದು. ಆದ್ದರಿಂದ ಪ್ರವಾಸ ಬರಹಗಾರರ ಮತ್ತು ಹೋಮ್‌ಸ್ಟೇಗಳ ‘ಸುತ್ತಮುತ್ತ ಏನು ನೋಡಬಹುದು’ ಎಂಬ ಪುಟಗಳು ಮೊದಲ ಗುರಿ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವ ರೂಢಿ ಇರುವುದರಿಂದ ಕಸೂತಿ ಕಲಿಸುವವರ ತಾಣಗಳು ಎರಡನೆಯ ಗುರಿ. ಹೊರದೇಶಗಳ ಕನ್ನಡ ಕೂಟಗಳ ಸುದ್ದಿಪತ್ರಗಳೂ ಉಂಟು.

ವಿಕಿಪೀಡಿಯಕ್ಕೆ ನಿಮ್ಮ ಅಂಗಡಿಯ ಲಿಂಕನ್ನು ನೀವೇ ಸೇರಿಸಬೇಡಿ. ಅದು ಅಲ್ಲಿನ ನಿಯಮಕ್ಕೆ ವಿರುದ್ಧ, ಸಂಪಾದಕರು ತೆಗೆದುಹಾಕುತ್ತಾರೆ. ಅದರ ಬದಲು ತೋಪತೆನಿಯ ಒಳ್ಳೆಯ ಚಿತ್ರವೊಂದನ್ನು ತೆಗೆದವರ ಹೆಸರು ಹಾಕಬೇಕೆನ್ನುವ ಮುಕ್ತ ಪರವಾನಗಿಯಡಿ ವಿಕಿಪೀಡಿಯದ ಸೋದರ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಕೊಟ್ಟರೆ, ಅದನ್ನು ಬಳಸುವ ಪತ್ರಕರ್ತರು ನಿಮ್ಮ ಹೆಸರನ್ನು ಹಾಕಬೇಕಾಗುತ್ತದೆ.

ಕೇಳುವ ರೀತಿ

ನೂರು ಜನರಿಗೆ ಒಂದೇ ಒಕ್ಕಣೆಯ ಪತ್ರ ಕಳಿಸುವುದು ವ್ಯರ್ಥ. ಅವರ ಪುಟವನ್ನು ಪೂರ್ತಿ ಓದಿ, ಎಲ್ಲಿ ಏನು ಕಡಿಮೆಯಾಗಿದೆ ಎಂದು ಗುರುತಿಸಿದ ಮೇಲೆ ಬರೆಯಿರಿ. ಪತ್ರ ಹೀಗಿರಬಹುದು:

‘ಮಾನ್ಯರೇ, ಬಾದಾಮಿ ಪ್ರವಾಸದ ಬಗ್ಗೆ ತಾವು ಬರೆದ ಲೇಖನ ಓದಿದೆ. ಅದರಲ್ಲಿ ಇಳಕಲ್ ಸೀರೆ ಕೊಳ್ಳುವಂತೆ ಸಲಹೆ ಮಾಡಿದ್ದೀರಿ. ಆದರೆ ಅಲ್ಲಿ ಕೊಟ್ಟಿರುವ ಲಿಂಕ್ ಈಗ ತೆರೆಯುತ್ತಿಲ್ಲ. ನಾವು ಇಳಕಲ್‌ನ ನೇಕಾರರು. ಕೈಮಗ್ಗದ ಸೀರೆಯನ್ನು ಗುರುತಿಸುವ ಬಗ್ಗೆ ಚಿತ್ರಸಹಿತ ಪುಟವೊಂದನ್ನು ಮಾಡಿದ್ದೇವೆ. ತಮ್ಮ ಓದುಗರಿಗೆ ಉಪಯೋಗವೆನಿಸಿದರೆ ಸೇರಿಸಬಹುದು.’

ಇಷ್ಟು ಸಾಕು. ಕೆಟ್ಟುಹೋದ ಲಿಂಕನ್ನು ತೋರಿಸಿಕೊಟ್ಟದ್ದು ಅವರಿಗೂ ಉಪಕಾರ. ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಸುಮ್ಮನಾಗಿ. ಲಿಂಕ್‌ಗೆ ಯಾವ ಪದ ಬಳಸಬೇಕೆಂದು ಒತ್ತಾಯಿಸಬೇಡಿ. ಬರೆಯುವವರು ಸಹಜವಾಗಿ ಬಳಸುವ ಪದವೇ ಓದುಗರಿಗೂ ಹಿಡಿಸುತ್ತದೆ.

ಪತ್ರಕರ್ತರಿಗೆ ಬರೆಯುವಾಗ ಕಾಲವನ್ನೂ ನೋಡಬೇಕು. 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸಲಾಗುತ್ತಿದೆ. ಆ ದಿನಕ್ಕೆ ಲೇಖನ ಸಿದ್ಧಪಡಿಸುವವರಿಗೆ ಜುಲೈ ಮಧ್ಯದಲ್ಲೇ ಚಿತ್ರ ಮತ್ತು ಮಾಹಿತಿ ತಲುಪಿದರೆ ಪ್ರಯೋಜನ.

ಹಣ ಕೊಟ್ಟು ಹಾಕಿಸಿದ ಜಾಹೀರಾತು ಲೇಖನದ ಲಿಂಕ್‌ಗೆ ‘ಸ್ಪಾನ್ಸರ್ಡ್’ ಅಥವಾ ‘ನೋಫಾಲೋ’ ಎಂಬ ಗುರುತು ಇರಲೇಬೇಕೆಂಬುದು ಗೂಗಲ್‌ನ ನಿಯಮ. ಈ ಲಿಂಕನ್ನು ಶಿಫಾರಸಾಗಿ ಎಣಿಸಬೇಡಿ ಎಂದು ಗೂಗಲ್‌ಗೆ ತಿಳಿಸುವ, ಪುಟದ ಕೋಡ್‌ನಲ್ಲಿರುವ ಗುರುತು ಅದು. ಅದು ಇದ್ದರೂ ಓದುಗರು ಬರುವುದಕ್ಕೆ ಅಡ್ಡಿಯಿಲ್ಲ, ಆದ್ದರಿಂದ ಅಂಜಬೇಕಾಗಿಲ್ಲ.

ಬಂದವರನ್ನು ಲೆಕ್ಕ ಹಾಕಿ

ಉಚಿತವಾಗಿ ಸಿಗುವ ಗೂಗಲ್ ಸರ್ಚ್ ಕನ್ಸೋಲ್‌ನ ಲಿಂಕ್ಸ್ ವಿಭಾಗದಲ್ಲಿ ಯಾವ ತಾಣಗಳು ನಿಮಗೆ ಲಿಂಕ್ ಕೊಟ್ಟಿವೆ ಎಂದು ಕಾಣುತ್ತದೆ. ಆದರೆ ಹೆಚ್ಚು ಗಮನ ಕೊಡಬೇಕಾದದ್ದು ತಾಣಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನ ರೆಫರಲ್ ಪಟ್ಟಿಗೆ: ಯಾವ ತಾಣದಿಂದ ಎಷ್ಟು ಜನ ಬಂದರು, ಎಷ್ಟು ಹೊತ್ತು ಓದಿದರು, ಎಷ್ಟು ಜನ ವಿಚಾರಿಸಿದರು. ವಾಟ್ಸ್‌ಆ್ಯಪ್‌ನಿಂದ ಬಂದವರು ಅನೇಕ ಬಾರಿ ‘ಡೈರೆಕ್ಟ್’ (ಎಲ್ಲಿಂದ ಬಂದರೆಂದು ತಿಳಿಯದವರು) ಎಂದು ದಾಖಲಾಗುವುದರಿಂದ, ಅಲ್ಲಿ ಹಂಚುವ ವಿಳಾಸಕ್ಕೆ ಯುಟಿಎಂ ಗುರುತು (ಬಂದ ದಾರಿಯನ್ನು ತಿಳಿಸಲು ವಿಳಾಸದ ಕೊನೆಗೆ ಹಾಕುವ ಪದಗಳು) ಸೇರಿಸಿಡಿ. ಹೋಮ್‌ಸ್ಟೇ ಪುಟದಿಂದ ತಿಂಗಳಿಗೆ ಹತ್ತು ಜನ ಬಂದು ಅವರಲ್ಲಿ ಇಬ್ಬರು ಸೀರೆ ವಿಚಾರಿಸಿದರೆ, ಅಂಥದೇ ಇನ್ನಷ್ಟು ಹೋಮ್‌ಸ್ಟೇಗಳಿಗೆ ಬರೆಯುವುದೇ ಮುಂದಿನ ಕೆಲಸ.

ಮುಂದೆ ಎಂದಾದರೂ ಜಾಲತಾಣವನ್ನು ಹೊಸದಾಗಿ ಕಟ್ಟಿಸಿದರೆ, ಹಳೆಯ ಪುಟದ ವಿಳಾಸಕ್ಕೆ ಬಂದವರು ಹೊಸ ಪುಟಕ್ಕೆ ಹೋಗುವಂತೆ 301 ರೀಡೈರೆಕ್ಟ್ ಹಾಕಲು ತಾಣ ಮಾಡುವವರಿಗೆ ಕೆಲಸ ಒಪ್ಪಿಸುವಾಗಲೇ ಬರೆದುಕೊಡಿ. ಇಲ್ಲವಾದರೆ ಅಷ್ಟು ಪತ್ರ ಬರೆದು ಪಡೆದ ಲಿಂಕ್‌ಗಳೆಲ್ಲ ‘ಪುಟ ಸಿಗಲಿಲ್ಲ’ ಎಂಬ ಉತ್ತರವನ್ನೇ ಓದುಗರಿಗೆ ಕೊಡುತ್ತವೆ.